ಯೋಜನೆಗೊಬ್ಬ ಅಧಿಕಾರಿ ಇದ್ದಾರೆ, ಮಗುವಿಗೆ ಯಾರಿದ್ದಾರೆ?

(ತಾಲ್ಲೂಕು ಮಟ್ಟದ ಪ್ರೌಢಶಾಲಾ ಶಿಕ್ಷಕರ ಸಭೆಯೊಂದರಲ್ಲಿ ಮಾತಾಡಿದ್ದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತು ನನಗೆ ಕೊಟ್ಟಿದ್ದಾರೆ. ಅದಕ್ಕೇ ಪಿಪಿಟಿ ತಂದಿಲ್ಲ. ಲೈಟ್ ಆರಿಸಿದರೆ ಅರ್ಧ ಜನ ನಿದ್ದೆ ಹೋಗುತ್ತೀರಿ, ಸುಮ್ನೆ ಮಾತಾಡೋಣ.

ನೋಟಿಸಿನಲ್ಲಿ ವಿಷಯವನ್ನು ದೊಡ್ಡದಾಗಿ ಹಾಕಿದ್ದಾರೆ, ‘ಅವಕಾಶವಂಚಿತ ವಿದ್ಯಾರ್ಥಿಗಳ ಬೆಂಬಲ ಸಮನ್ವಯ’ ಅಂತ. ನಾನು ಹೇಳಬೇಕಾಗಿರುವುದು ಅಷ್ಟು ದೊಡ್ಡದಲ್ಲ. ನಮ್ಮ ಸರ್ಕಾರಿ ಹೈಸ್ಕೂಲುಗಳಲ್ಲಿ ಬಡ ಮಕ್ಕಳಿಗೆ ಯೋಜನೆ ಕಡಿಮೆ ಇಲ್ಲ. ಪ್ರತಿ ಯೋಜನೆಗೂ ಒಬ್ಬ ಅಧಿಕಾರಿ, ಒಂದು ಪೋರ್ಟಲ್, ಒಂದು ಕೊನೆಯ ದಿನಾಂಕ ಇದೆ. ಒಂದು ಮಗುವನ್ನು ಪೂರ್ತಿಯಾಗಿ ನೋಡುವವರು ಮಾತ್ರ ಯಾರೂ ಇಲ್ಲ. ಆ ಒಬ್ಬರನ್ನು ಶಾಲೆಯೊಳಗೆ ನಾವೇ ಮಾಡಿಕೊಳ್ಳಬೇಕು.

ಲೆಕ್ಕ ಹಾಕೋಣ. ರಾಯಚೂರು ಜಿಲ್ಲೆಯ ಒಂದು ಹಳ್ಳಿ, ಎಂಟನೇ ಕ್ಲಾಸಿಗೆ ಸೇರಿದ ಒಬ್ಬ ಹುಡುಗಿ. ಪುಸ್ತಕ, ಸಮವಸ್ತ್ರ, ಶೂ ನಮ್ಮ ಇಲಾಖೆಯಿಂದ ಬರುತ್ತವೆ. ಊಟ ಅಕ್ಷರ ದಾಸೋಹ, ಹಾಲು ಕ್ಷೀರಭಾಗ್ಯ. ಮೊಟ್ಟೆಗೆ ಸರ್ಕಾರದ ಜೊತೆ 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ದುಡ್ಡೂ ಸೇರಿ ವಾರಕ್ಕೆ ಆರು ದಿನ ಆಗಿದೆ. ವಿದ್ಯಾರ್ಥಿವೇತನ ಜಾತಿ ನೋಡಿಕೊಂಡು ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗ ಅಥವಾ ಅಲ್ಪಸಂಖ್ಯಾತರ ಇಲಾಖೆಯಿಂದ. ಅಪ್ಪನ ಹತ್ತಿರ ಲೇಬರ್ ಕಾರ್ಡ್ ಇದ್ದರೆ ಕಾರ್ಮಿಕ ಇಲಾಖೆಯ ಕಟ್ಟಡ ಕಾರ್ಮಿಕರ ಮಂಡಳಿ. ಜಾತಿ-ಆದಾಯ ಪತ್ರಕ್ಕೆ ನಾಡಕಚೇರಿ, ಅಂದರೆ ಕಂದಾಯ ಇಲಾಖೆ. ಕಣ್ಣು, ಹಲ್ಲು, ರಕ್ತಹೀನತೆ ನೋಡೋಕೆ ಆರ್‌ಬಿಎಸ್‌ಕೆ ತಂಡ, ಅದು ಆರೋಗ್ಯ ಇಲಾಖೆ. ಬಸ್ಸಿಗೆ 2023ರ ಜೂನಿನಿಂದ ಶಕ್ತಿ ಯೋಜನೆ ಇದೆ. ಮದುವೆ ಮಾಡಿಸೋಕೆ ಹೊರಟರೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ. ಒಂದೇ ಹುಡುಗಿ, ಇಷ್ಟು ಇಲಾಖೆ. ಇವರಲ್ಲಿ ಒಬ್ಬರಿಗೂ ಇನ್ನೊಬ್ಬರ ಪಟ್ಟಿ ಕಾಣುವುದಿಲ್ಲ.

ಇಂಗ್ಲೆಂಡಿನಲ್ಲಿ ಬೇರೆ ಥರ ಮಾಡಿದ್ದಾರೆ. 2011ರಿಂದ ಅಲ್ಲಿ ಪ್ಯೂಪಿಲ್ ಪ್ರೀಮಿಯಂ ಅಂತ ಒಂದು ಅನುದಾನ ಇದೆ. ಕಳೆದ ಆರು ವರ್ಷದಲ್ಲಿ ಯಾವಾಗಲಾದರೂ ಶಾಲೆಯ ಉಚಿತ ಊಟಕ್ಕೆ ಅರ್ಹನಾಗಿದ್ದ ಪ್ರತಿ ಮಗುವಿನ ಲೆಕ್ಕದಲ್ಲಿ ಹಣ ಶಾಲೆಗೇ ಬರುತ್ತದೆ. ಅದನ್ನು ಹೇಗೆ ಖರ್ಚು ಮಾಡಬೇಕು ಅಂತ ಶಾಲೆ ತೀರ್ಮಾನಿಸಬೇಕು, ತೀರ್ಮಾನಿಸಿದ್ದನ್ನು ಪ್ರಕಟಿಸಬೇಕು. ನಮ್ಮಲ್ಲಿ ಉಲ್ಟಾ. ಹಣ ನೇರ ಮಗುವಿನ ಖಾತೆಗೆ, ಸಾಮಾನು ಮಗುವಿನ ಕೈಗೆ, ಶಾಲೆಗೆ ಉಳಿಯುವುದು ಡಾಟಾ ಎಂಟ್ರಿ. ಯಾವುದು ಒಳ್ಳೆಯದು ಅಂತ ವಾದ ಮಾಡೋಕೆ ಬಂದಿಲ್ಲ. ನಮಗೆ ಹಣ ಇಲ್ಲದೇ ಇರುವುದರಿಂದ ನಮ್ಮ ಕೆಲಸ ಏನಿದ್ದರೂ ಓಡಾಟ, ಫೋನು, ನೆನಪಿಟ್ಟುಕೊಳ್ಳುವುದು. ಅಷ್ಟನ್ನು ನೆಟ್ಟಗೆ ಮಾಡಿದರೂ ಬಹಳ ಆಗುತ್ತದೆ.

ಹೈಸ್ಕೂಲಿನ ಬಗ್ಗೆಯೇ ಪ್ರತ್ಯೇಕವಾಗಿ ಯಾಕೆ ಮಾತಾಡಬೇಕು? ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ. ನಮ್ಮ ರಾಜ್ಯದಲ್ಲಿ ಹೈಸ್ಕೂಲು ಅಂದರೆ 8, 9, 10. ಅಂದರೆ ಮಗು ನಮ್ಮ ಬಾಗಿಲಿಗೆ ಬಂದು ಒಂದು ವರ್ಷ ಆಗುವಷ್ಟರಲ್ಲಿ ಆ ಕಾಯ್ದೆಯ ರಕ್ಷಣೆ ಮುಗಿಯುತ್ತದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆದ ಮೇಲೂ ಹೆಚ್ಚುಕಡಿಮೆ ಪೂರ್ತಿ ನಿಷೇಧ ಇರುವುದು 14ರೊಳಗಿನವರಿಗೆ. 14 ದಾಟಿದವರನ್ನು ಅಪಾಯಕಾರಿ ಅಂತ ಪಟ್ಟಿ ಮಾಡಿದ ಕೆಲಸಕ್ಕೆ ಮಾತ್ರ ಹಚ್ಚುವಂತಿಲ್ಲ. ಊಟದ ಲೆಕ್ಕದಲ್ಲೂ ಇದೇ ಗೆರೆ ಇದೆ. ಎಂಟನೇವರೆಗೆ ಕೇಂದ್ರ ಸರ್ಕಾರದ ಪಾಲು ಬರುತ್ತದೆ, 9 ಮತ್ತು 10ಕ್ಕೆ ರಾಜ್ಯವೇ ಹಾಕುತ್ತದೆ. ನಮ್ಮ ಕಡೆ 2021ರ ಕೊನೆಯಲ್ಲಿ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಎಂಟನೇವರೆಗೆ ಮಾತ್ರ ಕೊಡುತ್ತಿದ್ದರು, ನೆನಪಿದೆಯಾ? ಒಂದೇ ಸಾಲಿನಲ್ಲಿ ಕೂತ ತಂಗಿಯ ತಟ್ಟೆಯಲ್ಲಿ ಮೊಟ್ಟೆ, ಒಂಬತ್ತನೇ ಕ್ಲಾಸಿನ ಅಕ್ಕನ ತಟ್ಟೆಯಲ್ಲಿ ಇಲ್ಲ. 2023ರಲ್ಲಿ ಅದನ್ನು ಸರಿ ಮಾಡಿದರು. ಹೊಲದಲ್ಲಿ ಕೂಲಿಗೆ ಬೇಕಾಗುವ ಮೈಕಟ್ಟು ಬರುವ ವಯಸ್ಸೂ ಅದೇ, ಮನೆಯಲ್ಲಿ ಮದುವೆಯ ಮಾತು ಶುರುವಾಗುವ ವಯಸ್ಸೂ ಅದೇ. ಕಾನೂನು ಕೈ ಸಡಿಲ ಬಿಡುವ ಹೊತ್ತಿಗೇ ಕೆಲಸ ಮತ್ತು ಮದುವೆ ಎರಡೂ ಕೈ ಚಾಚುತ್ತವೆ. ಅದಕ್ಕೇ ಹೈಸ್ಕೂಲು.

ಸರಿ, ಯಾರು ಈ ಮಕ್ಕಳು? ಪೋರ್ಟಲ್ ಪ್ರಕಾರ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಬಿಪಿಎಲ್. ನಮ್ಮ ಕಡೆಯ ಹೈಸ್ಕೂಲಿನಲ್ಲಿ ಈ ಜರಡಿ ಹಿಡಿದರೆ ಹೆಚ್ಚುಕಡಿಮೆ ಇಡೀ ಶಾಲೆ ಅದರಲ್ಲೇ ಉಳಿಯುತ್ತದೆ. ಎಲ್ಲರೂ ಬಡವರಾದಾಗ ಬಡತನದ ಪಟ್ಟಿಯಿಂದ ಏನೂ ಗೊತ್ತಾಗುವುದಿಲ್ಲ. ಇವತ್ತು ಯಾರ ಮೇಲೆ ಕಣ್ಣಿಡಬೇಕು ಅನ್ನೋದು ಹಾಜರಿ ಪುಸ್ತಕದಲ್ಲಿ ಸಿಗುತ್ತದೆ.

ಹಾಜರಿ ಪುಸ್ತಕವನ್ನು ನಾವು ದಿನಾ ಮೇಲಿಂದ ಕೆಳಗೆ ತುಂಬುತ್ತೇವೆ. ಆದರೆ ಅದನ್ನು ಅಡ್ಡಕ್ಕೆ ಓದಬೇಕು. ಒಂದು ಹೆಸರಿನ ಮೇಲೆ ಸ್ಕೇಲ್ ಇಟ್ಟು ಎಡದಿಂದ ಬಲಕ್ಕೆ ನೋಡುತ್ತಾ ಹೋಗಿ. ಪ್ರತಿ ವಾರ ಸಂತೆ ದಿನ ಗೈರು ಅಂದರೆ ಹುಡುಗ ತರಕಾರಿ ಗಾಡಿಯ ಹತ್ತಿರ ಇದ್ದಾನೆ. ತಿಂಗಳಿಗೊಮ್ಮೆ ಮೂರು-ನಾಲ್ಕು ದಿನ ಗೈರು, ಎಂಟನೇ-ಒಂಬತ್ತನೇ ಹುಡುಗಿ ಅಂದರೆ ನಮ್ಮ ಶೌಚಾಲಯದಲ್ಲಿ ನೀರಿದೆಯಾ ಅಂತ ಮೊದಲು ಹೋಗಿ ನೋಡಿ, ಮನೆಗೆ ಆಮೇಲೆ ಹೋಗಿ. ಅಕ್ಕ ಬಂದ ದಿನ ತಮ್ಮ ಬರುವುದಿಲ್ಲ, ತಮ್ಮ ಬಂದ ದಿನ ಅಕ್ಕ ಬರುವುದಿಲ್ಲ ಅಂದರೆ ಮನೆಯಲ್ಲಿ ಹಾಸಿಗೆ ಹಿಡಿದವರು ಯಾರೋ ಇದ್ದಾರೆ. ಎರಡು ಕ್ಲಾಸಿನ ಪುಸ್ತಕ ಪಕ್ಕಪಕ್ಕ ಇಟ್ಟರೆ ಮಾತ್ರ ಇದು ಕಾಣುತ್ತದೆ. ಎರಡು ಕ್ಲಾಸ್ ಟೀಚರ್‌ಗಳು ತಮ್ಮ ತಮ್ಮ ಪುಸ್ತಕ ತಮ್ಮ ತಮ್ಮ ಟೇಬಲ್ಲಿನಲ್ಲಿ ಇಟ್ಟುಕೊಂಡರೆ ಎಂದಿಗೂ ಕಾಣುವುದಿಲ್ಲ.

ಹೈಕೋರ್ಟು 2013ರಲ್ಲಿ ಶಾಲೆ ಬಿಟ್ಟ ಮಕ್ಕಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡ ಮೇಲೆ ನಮ್ಮ ರಾಜ್ಯದಲ್ಲಿ 7 ದಿನ ಸತತವಾಗಿ ಬಾರದ ಮಗುವನ್ನು ಗಮನಿಸಬೇಕು ಅನ್ನುವ ನಿಯಮ ಬಂತು. ಒಳ್ಳೆಯ ನಿಯಮ, ಮೊದಲಿಗಿಂತ ಎಷ್ಟೋ ಬಿಗಿ. ಆದರೆ ವಾರಕ್ಕೆ ಎರಡು ದಿನ ತಪ್ಪಿಸುವ ಹುಡುಗ ಈ 7 ದಿನದ ಬಲೆಗೆ ಬೀಳುವುದೇ ಇಲ್ಲ. ಅವನು ಬೀಳುವುದು ಹತ್ತನೇ ಕ್ಲಾಸಿನ ಜನವರಿಯಲ್ಲಿ, ಶೇ. 75 ಹಾಜರಾತಿ ಇಲ್ಲ ಅಂತ. ಅಷ್ಟೊತ್ತಿಗೆ ನಾವು ಅವನಿಗೆ ಬಯ್ಯಬಹುದು, ಅಷ್ಟೇ.

ನಮ್ಮ ಶಾಲೆಯಲ್ಲಿ ಇದಕ್ಕೆ ಒಂದು ದಪ್ಪ ಲಾಂಗ್ ನೋಟ್‌ಬುಕ್ ಇದೆ. ಆಪ್ ಮಾಡಬಹುದಲ್ವಾ ಅಂತ ಕೇಳುತ್ತಾರೆ. ಮಾಡಬಹುದು, ಆದರೆ ಮಕ್ಕಳ ದಾಖಲಾತಿಯ ಸ್ಯಾಟ್ಸ್, ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ, ಕೇಂದ್ರದ ವಿದ್ಯಾರ್ಥಿವೇತನದ ಎನ್‌ಎಸ್‌ಪಿ, ಇಷ್ಟು ಪೋರ್ಟಲ್‌ಗಳ ಪಾಸ್‌ವರ್ಡ್ ನೆನಪಿಟ್ಟುಕೊಂಡವರಿಗೆ ಇನ್ನೊಂದು ಕೊಡೋದು ಬೇಡ. ಒಂದು ಮಗುವಿಗೆ ಒಂದು ಪುಟ. ಪುಟದ ತಲೆಯಲ್ಲಿ ಜಾತಿ ಬರೆಯುವುದಿಲ್ಲ, ಅದು ಸ್ಯಾಟ್ಸ್‌ನಲ್ಲಿ ಹೇಗೂ ಇದೆ. ಬೆಳಿಗ್ಗೆ ಎದ್ದಾಗ ಮನೆಯಲ್ಲಿ ಯಾರಿರುತ್ತಾರೆ, ಫೋನ್ ಮಾಡಿದರೆ ನಿಜವಾಗಲೂ ಎತ್ತುವವರು ಯಾರು, ಮನೆಯವರು ಗುಳೆ ಹೋಗುತ್ತಾರಾ, ಹೋದರೆ ಯಾವ ತಿಂಗಳು, ಎಲ್ಲಿಗೆ. ದಾಖಲಾತಿಯಲ್ಲಿರುವ ಫೋನ್ ನಂಬರ್ ಮತ್ತು ಎತ್ತುವವರ ಫೋನ್ ನಂಬರ್ ಒಂದೇ ಆಗಿರುವುದು ಅಪರೂಪ, ನಿಮಗೂ ಗೊತ್ತಿದೆ. ಕೆಳಗೆ ದಿನಾಂಕ ಹಾಕಿ ಏನು ಮಾಡಿದೆವು ಅಂತ ಒಂದೊಂದು ಸಾಲು.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕೂರುತ್ತೇವೆ. ಹೆಡ್‌ಮಾಸ್ಟರ್, ಕ್ಲಾಸ್ ಟೀಚರ್‌ಗಳು, ಪಿ.ಇ. ಮಾಸ್ಟರ್, ಜೊತೆಗೆ ಮುಖ್ಯ ಅಡುಗೆಯವರು. ಅಡುಗೆಯವರನ್ನು ಯಾಕೆ ಅಂತ ಮೊದಲು ನಮ್ಮಲ್ಲೂ ಕೆಲವರು ಮುಖ ಕಿವುಚಿದರು. ನಾವೆಲ್ಲಾ ತಾಲ್ಲೂಕು ಕೇಂದ್ರದಿಂದ ಬಸ್ಸಿನಲ್ಲಿ ಬಂದು ಬಸ್ಸಿನಲ್ಲಿ ಹೋಗುವವರು. ಆ ಯಕ್ಕ ಅದೇ ಊರಿನವರು. ಒಂದು ಶನಿವಾರ ನಾವು ಯಾವುದೋ ಹುಡುಗನ ಗಣಿತದ ಬಗ್ಗೆ ಮಾತಾಡುತ್ತಾ ಇದ್ದೆವು. ಇನ್ನೊಬ್ಬ ಹುಡುಗನ ಹೆಸರು ಹೇಳಿ ಅವರೇ ಮಧ್ಯೆ ಬಾಯಿ ಹಾಕಿದರು: “ಸರ, ಅವ ಸೋಮವಾರಕ್ಕೊಮ್ಮೆ ಮೂರ್ ಸಲ ಅನ್ನ ಹಾಕಿಸ್ಕೊಂತಾನ್ರಿ. ಉಳಿದ ದಿನ ಹಂಗಿಲ್ಲ.” ಅಷ್ಟೇ ಮಾತು. ಭಾನುವಾರ ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಅನ್ನೋದು ಅಲ್ಲಿಂದ ಗೊತ್ತಾಯಿತು. ಅಮ್ಮ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ, ಅಜ್ಜನಿಗೆ ಕಣ್ಣು ಕಾಣಿಸುವುದಿಲ್ಲ, ರೇಷನ್ ಕಾರ್ಡಿನಲ್ಲಿ ಹೆಬ್ಬೆಟ್ಟು ಒತ್ತಬೇಕಾದವರು ಊರಲ್ಲಿಲ್ಲ. ಹುಡುಗ ಓದಿನಲ್ಲಿ ತಕ್ಕಮಟ್ಟಿಗೆ ಇದ್ದ, ದಿನಾ ಬರುತ್ತಿದ್ದ. ಹಾಜರಿ ಪುಸ್ತಕದಲ್ಲಿ ಅಡ್ಡ ಓದಿದರೂ ಉದ್ದ ಓದಿದರೂ ಅವನು ಸಿಗುತ್ತಿರಲಿಲ್ಲ. ಅವನನ್ನು ಹುಡುಕಿಕೊಟ್ಟದ್ದು ಅನ್ನದ ಸೌಟು. ಆಮೇಲೆ ನ್ಯಾಯಬೆಲೆ ಅಂಗಡಿಯವರ ಹತ್ತಿರ, ಪಂಚಾಯಿತಿಯವರ ಹತ್ತಿರ ಮಾತಾಡಿ ಅಜ್ಜನ ಹೆಬ್ಬೆಟ್ಟು ನಡೆಯುವಂತೆ ಮಾಡಿಕೊಂಡದ್ದು ಬೇರೆ ಕಥೆ.

ಆ ಸಭೆಗೆ ಒಂದೇ ಒಂದು ಕಟ್ಟು ಇದೆ. ಮಗುವಿನ ಬಗ್ಗೆ ಮಾತಾಡಿದ ಮೇಲೆ ಯಾರು, ಯಾವಾಗ, ಏನು ಮಾಡುತ್ತಾರೆ ಅಂತ ಬರೆಯದೆ ಮುಂದಿನ ಪುಟ ತಿರುಗಿಸುವಂತಿಲ್ಲ. ‘ಪೋಷಕರ ಗಮನಕ್ಕೆ ತರಲಾಯಿತು’ ಅನ್ನುವ ವಾಕ್ಯ ನಮ್ಮ ನೋಟ್‌ಬುಕ್ಕಿನಲ್ಲಿ ನಿಷಿದ್ಧ.

ಈಗ ಹತ್ತಿ ಸೀಸನ್ನಿಗೆ ಬರುತ್ತೇನೆ, ಅದಿಲ್ಲದೆ ರಾಯಚೂರು-ಯಾದಗಿರಿ ಕಡೆ ಈ ಮಾತು ಮುಗಿಯುವುದಿಲ್ಲ. ದಸರಾ ರಜೆ ಮುಗಿದು ಶಾಲೆ ಶುರುವಾದರೆ ಅರ್ಧ ಬೆಂಚು ಖಾಲಿ. ಅಕ್ಟೋಬರಿನಿಂದ ಜನವರಿತನಕ ಹತ್ತಿ ಬಿಡಿಸುವ ಕೆಲಸ, ಆಮೇಲೆ ಮೆಣಸಿನಕಾಯಿ. ಬಿಡಿಸಿದ ತೂಕಕ್ಕೆ ಕೂಲಿ. ಹಾಗಾಗಿ ಮನೆಯಲ್ಲಿ ಎಷ್ಟು ಕೈ ಇದ್ದರೆ ಅಷ್ಟು ದುಡ್ಡು. ಬೆಳಿಗ್ಗೆ ಕೂಲಿಯವರನ್ನು ತುಂಬಿಕೊಳ್ಳೋಕೆ ಟಂಟಂ ಓಣಿಗೇ ಬರುತ್ತದೆ, ನಮ್ಮ ಶಾಲೆಯ ಗಂಟೆಗಿಂತ ಎಷ್ಟೋ ಮೊದಲು.

ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಹೀಗೇ ಬರೋದು ನಿಲ್ಲಿಸಿದಳು. ನಮ್ಮ ಟೀಚರ್ ಒಬ್ಬರು ಮತ್ತು ನಾನು ಸಂಜೆ ಅವಳ ಮನೆಗೆ ಹೋದೆವು. ನಾವು ಬಾಲಕಾರ್ಮಿಕ ಕಾಯ್ದೆ, ದಂಡ, ಓದಿನ ಮಹತ್ವ ಅಂತ ಹೇಳೋಕೆ ತಯಾರಾಗಿ ಹೋಗಿದ್ದೆವು, ನಾವು ಮೇಷ್ಟ್ರುಗಳು ಹಾಗೆಯೇ. ಅವರವ್ವ ಪೂರ್ತಿ ಕೇಳಿಸಿಕೊಂಡು ಹೇಳಿದರು: “ಸರ, ಆಕಿ ಹತ್ತಿ ಬಿಡ್ಸಾಕ ಬರಂಗಿಲ್ರಿ. ಈ ಸಣ್ಣದನ್ನ ಹೊಲದಾಗ ಹಿಡ್ಕೊಂಡು ಕುಂದರ್ತಾಳ. ಆಕಿ ಬರಲಿಲ್ಲಂದ್ರ ನನ್ನ ಕೂಲಿನೂ ಹೋತು.” ತೊಡೆಯ ಮೇಲೆ ಒಂದೂವರೆ ವರ್ಷದ ಕೂಸು. ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷ ಆದ ಮೇಲೆ. ಅಂದರೆ ಈ ಹುಡುಗಿ ಕೂಲಿ ಮಾಡುತ್ತಿರಲಿಲ್ಲ, ಅವರವ್ವನ ಕೂಲಿಯನ್ನು ಉಳಿಸುತ್ತಿದ್ದಳು. ಯಾವ ವಿದ್ಯಾರ್ಥಿವೇತನವೂ, ಯಾವ ಬ್ಯಾಗು-ಸೈಕಲ್ಲೂ ಇದಕ್ಕೆ ಉತ್ತರ ಅಲ್ಲ.

ಉತ್ತರ ಇದ್ದದ್ದು ಗ್ರಾಮ ಪಂಚಾಯಿತಿಯಲ್ಲಿ. 2023ರ ಬಜೆಟ್ಟಿನಲ್ಲಿ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಅಂತ ಘೋಷಿಸಿತು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಸಣ್ಣ ಮಕ್ಕಳನ್ನು ಹಗಲು ನೋಡಿಕೊಳ್ಳುವ ಜಾಗ. ಅದು ಗ್ರಾಮೀಣಾಭಿವೃದ್ಧಿ ಇಲಾಖೆಯದು, ಶಿಕ್ಷಣ ಇಲಾಖೆಯ ಯಾವ ಸುತ್ತೋಲೆಯನ್ನು ಹಿಡಿದುಕೊಂಡು ಹುಡುಕಿದರೂ ಸಿಗುವುದಿಲ್ಲ. ನಮ್ಮ ಪಂಚಾಯಿತಿಯಲ್ಲಿ ಅದು ಇತ್ತು, ಅಷ್ಟು ದೂರವೂ ಇರಲಿಲ್ಲ. ಪಿಡಿಒ ಮೇಡಂ ಹತ್ತಿರ ಹೋಗಿ, ಅವ್ವನ ಜಾಬ್ ಕಾರ್ಡ್ ನೋಡಿ, ಕೂಸನ್ನು ಅಲ್ಲಿ ಸೇರಿಸಿದ್ದಾಯಿತು. ಹುಡುಗಿ ವಾಪಸ್ ಬಂದಳು. ಎಲ್ಲಾ ಸುಖಾಂತ್ಯ ಅಂತ ಅಲ್ಲ. ಟಂಟಂ ಬರುವ ಹೊತ್ತಿಗೂ ಕೂಸಿನ ಮನೆ ಬಾಗಿಲು ತೆರೆಯುವ ಹೊತ್ತಿಗೂ ಹೊಂದಿಕೆ ಇಲ್ಲ. ಹಾಗಾಗಿ ಹುಡುಗಿ ಕೂಸನ್ನು ಬಿಟ್ಟು ಶಾಲೆಗೆ ಬರೋದು ಪ್ರಾರ್ಥನೆ ಮುಗಿದ ಮೇಲೆ. ತಡ ಬಂದವರನ್ನು ಗೇಟಿನ ಹೊರಗೆ ನಿಲ್ಲಿಸುವ ನಮ್ಮ ಪದ್ಧತಿ ಅವಳಿಗೆ ಅನ್ವಯ ಆಗಬಾರದು ಅಂತ ಪಿ.ಇ. ಮಾಸ್ಟರಿಗೆ ಹೇಳಬೇಕಾಯಿತು. ಸಮನ್ವಯ ಅಂದರೆ ಕೊನೆಗೆ ಇಂಥದ್ದೇ, ಪಿಡಿಒ ಹತ್ತಿರ ಒಂದು ಮಾತು, ಗೇಟಿನ ಹತ್ತಿರ ಒಂದು ಮಾತು. ಎರಡರಲ್ಲಿ ಒಂದು ತಪ್ಪಿದ್ದರೂ ಅವಳು ಮತ್ತೆ ಹೊಲದ ಬದುವಿನಲ್ಲೇ.

ಇನ್ನು ದುಡ್ಡಿನ ವಿಷಯ. “ಸರ, ಸ್ಕಾಲರ್‌ಶಿಪ್ ಬಂದಿಲ್ರಿ” ಅನ್ನುವ ಮಾತು ಕೇಳದ ಟೀಚರ್ ಇಲ್ಲಿ ಯಾರಾದರೂ ಇದ್ದೀರಾ? ಮಂಜೂರಾಗದೆ ನಿಂತಿದ್ದಕ್ಕಿಂತ ದಾರಿಯಲ್ಲಿ ಸಿಕ್ಕಿಹಾಕಿಕೊಂಡದ್ದೇ ನಾನು ನೋಡಿದ್ದರಲ್ಲಿ ಜಾಸ್ತಿ. ಸ್ಯಾಟ್ಸ್‌ನಲ್ಲಿ ಲಕ್ಷ್ಮಿ ಅನ್ನುವ ಹೆಸರಿನ ‘ಕ್ಷ’ಕ್ಕೆ ಕೆ-ಎಸ್-ಹೆಚ್ ಇದೆ, ಆಧಾರ್‌ನಲ್ಲಿ ಎಕ್ಸ್ ಇದೆ. ನಮಗೆ ಒಬ್ಬಳೇ ಲಕ್ಷ್ಮಿ, ಕಂಪ್ಯೂಟರಿಗೆ ಇಬ್ಬರು. ಆಮೇಲೆ ಬ್ಯಾಂಕು. ಪಾಸ್‌ಬುಕ್ಕಿಗೆ ಆಧಾರ್ ಜೆರಾಕ್ಸ್ ಕೊಟ್ಟರೆ ಕೆಲಸ ಮುಗಿಯಿತು ಅಂತ ಪೋಷಕರು ಅಂದುಕೊಳ್ಳುತ್ತಾರೆ. ಡಿಬಿಟಿ ಹಣ, ಅಂದರೆ ಸರ್ಕಾರ ನೇರ ಖಾತೆಗೆ ಹಾಕುವ ಹಣ, ಹೋಗುವುದು ಎನ್‌ಪಿಸಿಐ ಅನ್ನುವ ಪಾವತಿ ಸಂಸ್ಥೆಯ ಮ್ಯಾಪಿಂಗ್ ನೋಡಿಕೊಂಡು, ಆಧಾರಿಗೆ ಕೊನೆಯದಾಗಿ ಯಾವ ಬ್ಯಾಂಕ್ ಜೋಡಣೆ ಆಗಿದೆಯೋ ಅಲ್ಲಿಗೆ. ಊರಿಗೆ ಬಂದ ಯಾವುದೋ ಏಜೆಂಟ್ ಹತ್ತಿರ ಹೆಬ್ಬೆಟ್ಟು ಒತ್ತಿ ಜೀರೋ ಬ್ಯಾಲೆನ್ಸ್ ಖಾತೆ ಮಾಡಿಸಿ ಮರೆತಿರುತ್ತಾರೆ, ದುಡ್ಡು ಅಲ್ಲಿ ಹೋಗಿ ಕೂತಿರುತ್ತದೆ. ನಮ್ಮ ಒಬ್ಬ ಹುಡುಗನ ಎರಡು ವರ್ಷದ ಹಣ ಹೀಗೆ ಸಿಕ್ಕಿತು. ಅವನ ಅಪ್ಪ ಬ್ಯಾಂಕಿಗೆ ಮತ್ತೆ ಮತ್ತೆ ಅಲೆದಿದ್ದರು, ಪ್ರತಿ ಸಲವೂ ‘ಬಂದಿಲ್ಲ, ಮುಂದಿನ ವಾರ ಬಾ’ ಅಂತ ಕಳಿಸಿದ್ದರು. ಅವರು ಹೇಳಿದ್ದು ಸುಳ್ಳಲ್ಲ, ಆ ಬ್ಯಾಂಕಿಗೆ ಬಂದಿರಲಿಲ್ಲ. ಇನ್ನೊಂದರಲ್ಲಿ ನೋಡು ಅಂತ ಹೇಳುವವರು ಇರಲಿಲ್ಲ. ಅಪ್ಪನಿಗೆ ಒಂದು ಅಲೆದಾಟ ಅಂದರೆ ಒಂದು ದಿನದ ಕೂಲಿ ಹೋಯಿತು ಅಂತ ಲೆಕ್ಕ.

ಇದಕ್ಕೆ ಒಂದು ಕ್ರಮ ಇಟ್ಟುಕೊಳ್ಳಿ. ಎಂಟನೇ ಕ್ಲಾಸಿಗೆ ಸೇರಿದ ಜೂನ್-ಜುಲೈನಲ್ಲೇ ಆಧಾರ್ ಹೆಸರು ಸರಿ ಮಾಡಿಸಿ, ಆಮೇಲೆ ಸ್ಯಾಟ್ಸ್, ಆಮೇಲೆ ನಾಡಕಚೇರಿಯ ಜಾತಿ-ಆದಾಯ ಪತ್ರ, ಕೊನೆಗೆ ಬ್ಯಾಂಕು. ಕ್ರಮ ತಪ್ಪಿಸಿದರೆ ಮೊದಲಿಂದ ಮಾಡಬೇಕಾಗುತ್ತದೆ. 15 ತುಂಬಿದ ಮಕ್ಕಳಿಗೆ ಆಧಾರ್ ಬಯೋಮೆಟ್ರಿಕ್ ಅಪ್‌ಡೇಟ್ ಕಡ್ಡಾಯ, ಅದು ಸರಿಯಾಗಿ ಒಂಬತ್ತು-ಹತ್ತನೇ ಕ್ಲಾಸಿನ ನಡುವೆ ಬರುತ್ತದೆ. ಮೊದಲೇ ಹೇಳಿ ಮಾಡಿಸದಿದ್ದರೆ ಆಮೇಲೆ ಕಾಲೇಜು ದಾಖಲಾತಿಯ ಗಡಿಬಿಡಿಯಲ್ಲಿ ಗೋಳು.

ಎನ್‌ಎಂಎಂಎಸ್ ಅನ್ನುವ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಎಂಟನೇ ಕ್ಲಾಸಿನಲ್ಲಿ ಒಂದು ಪರೀಕ್ಷೆ, ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಎರಡನೇ ವರ್ಷದವರೆಗೆ ವರ್ಷಕ್ಕೆ 12,000 ರೂಪಾಯಿ. ಕುಟುಂಬದ ಆದಾಯ ಮೂರೂವರೆ ಲಕ್ಷದ ಒಳಗೆ ಇರಬೇಕು. ನಮ್ಮ ಮಕ್ಕಳಿಗೆ ಸಿಗುವ ಹೆಚ್ಚಿನ ವಿದ್ಯಾರ್ಥಿವೇತನಗಳಿಗೆ ಹೋಲಿಸಿದರೆ ದೊಡ್ಡ ಮೊತ್ತ. ಎಷ್ಟೋ ಶಾಲೆಗಳಲ್ಲಿ ಪರೀಕ್ಷೆಗೆ ಒಳ್ಳೆ ತಯಾರಿ ಮಾಡಿಸುತ್ತಾರೆ, ಫಲಿತಾಂಶ ಬಂದ ದಿನ ಹಾರ ಹಾಕಿ ಫೋಟೋ ತೆಗೆಸುತ್ತಾರೆ. ಆದರೆ ಅದನ್ನು ಪ್ರತಿ ವರ್ಷ ಪೋರ್ಟಲ್ಲಿನಲ್ಲಿ ನವೀಕರಿಸಬೇಕು. ಆ ಕೆಲಸ ಯಾರದು? ಹತ್ತನೇ ಮುಗಿಸಿ ಪಿಯು ಕಾಲೇಜಿಗೆ ಹೋದ ಮೇಲೆ ಕಾಲೇಜಿನವರಿಗೆ ಈ ಹುಡುಗಿಗೆ ಎನ್‌ಎಂಎಂಎಸ್ ಇದೆ ಅನ್ನೋದೇ ಗೊತ್ತಿರುವುದಿಲ್ಲ. ಹತ್ತನೇಯಲ್ಲಿ ಶೇ. 60, ಪರಿಶಿಷ್ಟರಿಗೆ ಶೇ. 55 ಬೇಕು ಅನ್ನೋದನ್ನೂ, ಖಾಸಗಿ ಅನುದಾನರಹಿತ ಕಾಲೇಜಿಗೆ ಸೇರಿದರೆ ನಿಲ್ಲುತ್ತದೆ ಅನ್ನೋದನ್ನೂ ಮನೆಯವರಿಗೆ ಯಾರೂ ಹೇಳಿರುವುದಿಲ್ಲ. ಟಿ.ಸಿ. ಕೊಡುವ ದಿನ ಅದರ ಜೊತೆ ಒಂದು ಚೀಟಿ ಬರೆದು ಕೊಡಿ. ಹಾರಕ್ಕಿಂತ ಆ ಚೀಟಿಗೆ ಬೆಲೆ ಜಾಸ್ತಿ.

ಕಲಿಕೆಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಎಂಟನೇಗೆ ಬಂದ ಮಗುವಿಗೆ ಕನ್ನಡ ಓದೋಕೆ ಬರೋದಿಲ್ಲ ಅಂದರೆ ನಾವು ಪ್ರೈಮರಿಯವರನ್ನು ಬಯ್ಯುತ್ತೇವೆ. ಸೇತುಬಂಧ ಅಂತ ಹಿಂದಿನ ಕ್ಲಾಸಿನ ಕಲಿಕೆಯನ್ನು ಮತ್ತೆ ನೆನಪಿಸಿ, ಅದರ ಮೊದಲು ಮತ್ತು ಆಮೇಲೆ ಮಾಡುವ ಪೂರ್ವ ಪರೀಕ್ಷೆ-ಸಾಫಲ್ಯ ಪರೀಕ್ಷೆ ಫೈಲ್ ಮಾಡಿ, ಪಾಠ ಶುರು ಮಾಡುತ್ತೇವೆ. ಆಮೇಲೆ ಹತ್ತನೇಯಲ್ಲಿ ನವೆಂಬರ್ ಬಂದ ಕೂಡಲೇ ‘ದತ್ತು’ ತೆಗೆದುಕೊಳ್ಳುತ್ತೇವೆ, ಒಬ್ಬೊಬ್ಬ ಟೀಚರಿಗೆ ಐದಾರು ಮಕ್ಕಳು. ಬೆಳಿಗ್ಗೆ ಐದಕ್ಕೆ ಫೋನ್ ಮಾಡಿ ಎಬ್ಬಿಸುತ್ತೇವೆ. ನನಗೆ ಆ ಫೋನಿನ ಬಗ್ಗೆ ತಕರಾರಿಲ್ಲ, ಮಕ್ಕಳಿಗೆ ಅದು ಖುಷಿಯೂ ಹೌದು. ಆದರೆ ಈ ದತ್ತು ಎಂಟನೇಯಲ್ಲಿ ಯಾಕಾಗಬಾರದು? ಓದೋಕೆ ಬಾರದ ಮಗುವಿಗೆ ಎಂಟನೇಯ ಜೂನಿನಿಂದ ದಿನಾ ಅರ್ಧ ಗಂಟೆ ಕೊಟ್ಟರೆ ಹತ್ತನೇಯ ನವೆಂಬರಿನಲ್ಲಿ ಪಾಸಿಂಗ್ ಪ್ಯಾಕೇಜ್ ಅಂತ ಪಾಸಾಗುವಷ್ಟು ಪ್ರಶ್ನೋತ್ತರ ಬಾಯಿಪಾಠ ಮಾಡಿಸೋದು ತಪ್ಪುತ್ತದೆ. ಎಷ್ಟು ಸಲ ಹೇಳಿದರೂ ಓದು ಹತ್ತದ ಮಗುವಿಗೆ ಕಲಿಕಾ ನ್ಯೂನತೆ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಅದೂ ಒಂದು. ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿರುವ (ಬಿಆರ್‌ಸಿ) ಬಿಐಇಆರ್‌ಟಿ ಶಿಕ್ಷಕರನ್ನು, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಶಿಕ್ಷಕರನ್ನು, ಎಂಟನೇಯಲ್ಲೇ ಕರೆಸಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯುವವರ ನೆರವು ಬೇಕಿದ್ದರೆ ಪ್ರಮಾಣಪತ್ರ ಬೇಕು, ಅದು ಒಂದು ವಾರದಲ್ಲಿ ಆಗುವ ಕೆಲಸ ಅಲ್ಲ.

ಒಂದು ಮಾತು ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ‘ಎಸ್‌ಸಿ, ಎಸ್‌ಟಿ ಮಕ್ಕಳು ಎದ್ದು ನಿಂತ್ಕೊಳ್ಳಿ, ಆದಾಯ ಪತ್ರ ಯಾರ್ಯಾರು ತಂದಿಲ್ಲ’ ಅಂತ ಕ್ಲಾಸಿನಲ್ಲಿ ಕೂಗುವುದು ಈಗಲೂ ನಡೆದಿದೆ. ಕೂಗುವವರು ಕೆಟ್ಟವರಲ್ಲ, ಸಂಜೆಯೊಳಗೆ ಮಾಹಿತಿ ಕಳಿಸಿ ಅಂತ ವಾಟ್ಸಾಪ್ ಬಂದಿರುತ್ತದೆ. ಆದರೆ ಹದಿಮೂರು ವರ್ಷದ ಹುಡುಗನಿಗೆ ಅದು ಹೇಗಿರುತ್ತದೆ ಅಂತ ಯೋಚನೆ ಮಾಡಿ. ಹೆಸರು ನಮ್ಮ ಹತ್ತಿರ ಇದ್ದೇ ಇದೆ, ಒಬ್ಬೊಬ್ಬರನ್ನೇ ಕರೆದು ಕೇಳೋಕೆ ಎರಡು ದಿನ ಜಾಸ್ತಿ ಹಿಡಿಯಬಹುದು, ಹಿಡಿಯಲಿ. ದಾನಿಗಳು ಬ್ಯಾಗು ಕೊಡೋಕೆ ಬಂದಾಗಲೂ ಅಷ್ಟೇ. ಕೊಟ್ಟರೆ ಇಡೀ ಕ್ಲಾಸಿಗೆ ಕೊಡಿ, ಇಲ್ಲಾಂದರೆ ಆಫೀಸಿನಲ್ಲಿ ಇಟ್ಟು ಹೋಗಿ, ಯಾರಿಗೆ ಬೇಕೋ ನಾವು ತಲುಪಿಸುತ್ತೇವೆ ಅಂತ ನಾವು ಹೇಳುತ್ತೇವೆ. ಕೆಲವರು ಫೋಟೋ ಇಲ್ಲ ಅಂದ ಮೇಲೆ ಬರುವುದಿಲ್ಲ. ಬೇಡ.

ಬೇಸಿಗೆ ರಜೆಯನ್ನು ನಾವು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಏಪ್ರಿಲ್-ಮೇ ಹಾಜರಿ ಪುಸ್ತಕವೇ ಇರುವುದಿಲ್ಲ, ಮದುವೆಗಳು ಆಗುವುದು ಆಗಲೇ. ಬಸವ ಜಯಂತಿ, ಅಕ್ಷಯ ತೃತೀಯ, ಸಾಮೂಹಿಕ ವಿವಾಹ. ಕರ್ನಾಟಕದಲ್ಲಿ 2016ರ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. ಅದು ಗೊತ್ತಿದ್ದೂ ಮಾಡುತ್ತಾರೆ. ಮಾರ್ಚಿನ ಕೊನೆಯಲ್ಲಿ ಟೀಚರ್‌ಗಳು ಹುಡುಗಿಯರ ಜೊತೆ ಸುಮ್ನೆ ಕೂತು ರಜೆಗೆ ಎಲ್ಲಿಗೆ ಹೋಗುತ್ತೀರಿ ಅಂತ ಮಾತಾಡಿದರೆ ಸಾಕು, ಗೆಳತಿಯರ ಬಾಯಿಂದಲೇ ಬರುತ್ತದೆ: “ಆಕಿದು ನಿಶ್ಚಯ ಆಗೇತ್ರಿ ಟೀಚರ್.” ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಯಾರು ಮಾಡಿದ್ದು ಅಂತ ಹೊರಗೆ ಹೇಳುವುದಿಲ್ಲ. ಅದೇ ಊರಿಗೆ ದಿನಾ ಬಸ್ಸಿನಲ್ಲಿ ಹೋಗಬೇಕಾದ ಟೀಚರ್‌ಗೆ ಅದು ಮುಖ್ಯ. ಮದುವೆ ನಿಂತರೆ ಸಾಲದು, ಜೂನಿನಲ್ಲಿ ಆ ಹುಡುಗಿ ಎಲ್ಲಿರಬೇಕು ಅನ್ನೋದನ್ನು ಆಗಲೇ ಯೋಚಿಸಿ. ಮನೆಯಲ್ಲಿ ಉಸಿರು ಕಟ್ಟುವಂತಿದ್ದರೆ ಹಾಸ್ಟೆಲ್ ಸೀಟಿಗೆ ಅರ್ಜಿ ಹಾಕಿಸಬೇಕು, ಅದಕ್ಕೂ ಕೊನೆಯ ದಿನಾಂಕ ಇರುತ್ತದೆ.

ಇಷ್ಟು ನನ್ನ ಮಾತು. ಆಮೇಲೆ ಬಂದ ಎರಡು ಪ್ರಶ್ನೆ.

ಮೊದಲನೆಯದು: ಅರ್ಧ ಜನ ಅತಿಥಿ ಶಿಕ್ಷಕರೇ ಇರುವ ಶಾಲೆಯಲ್ಲಿ ಇದನ್ನು ಯಾರು ಮಾಡಬೇಕು? ಅತಿಥಿ ಶಿಕ್ಷಕರಿಗೆ ದಯವಿಟ್ಟು ಹೊರಿಸಬೇಡಿ. ಅವರ ಗೌರವಧನ ನಿಮಗೆ ಗೊತ್ತು, ಶೈಕ್ಷಣಿಕ ವರ್ಷ ಮುಗಿದರೆ ಅವರ ಕೆಲಸವೂ ಮುಗಿಯುತ್ತದೆ. ಮುಂದಿನ ವರ್ಷ ಬೇರೆಯವರು ಬಂದರೆ ಎಲ್ಲಾ ಮೊದಲಿಂದ. ಹೆಡ್‌ಮಾಸ್ಟರ್ ಕೂಡ ಬೇಡ, ಅವರು ತಿಂಗಳಿನ ಅರ್ಧದಷ್ಟು ದಿನ ಮೀಟಿಂಗಿನಲ್ಲಿರುತ್ತಾರೆ. ಕಾಯಂ ಶಿಕ್ಷಕರಲ್ಲಿ ಒಬ್ಬರು ಮಾಡಬೇಕು, ಅದಕ್ಕೆ ಬದಲಾಗಿ ಅವರ ಬೇರೆ ಒಂದು ಹೊರೆ ಇಳಿಸಬೇಕು. ನಮ್ಮಲ್ಲಿ ಬಿಸಿಯೂಟದ ಲೆಕ್ಕವನ್ನು ನನ್ನಿಂದ ತೆಗೆದು ಇನ್ನೊಬ್ಬರಿಗೆ ಕೊಟ್ಟರು. ಆ ಇನ್ನೊಬ್ಬರು ಇವತ್ತು ಇಲ್ಲಿ ಕೂತಿದ್ದಾರೆ, ನನ್ನನ್ನು ಹೇಗೆ ನೋಡುತ್ತಿದ್ದಾರೆ ನೋಡಿ. ಇದಕ್ಕೆ ಇಲಾಖೆಯ ಆದೇಶ ಏನೂ ಬೇಕಾಗಿಲ್ಲ. ಶಿಕ್ಷಕರ ಸಭೆಯ ನಡಾವಳಿಯಲ್ಲಿ ಹೆಸರು ಬರೆದು ಎಲ್ಲರ ಸಹಿ ತೆಗೆದುಕೊಂಡು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರಿಗೂ ಹೇಳಿಬಿಟ್ಟರೆ ಆಯಿತು. ಹೆಸರು ಬರೆಯದಿದ್ದರೆ ಮಾತ್ರ ‘ಎಲ್ಲರೂ ಸೇರಿ ಮಾಡೋಣ’ ಅಂತಾಗುತ್ತದೆ, ಎಲ್ಲರೂ ಸೇರಿ ಮಾಡುವ ಕೆಲಸ ನಮ್ಮಲ್ಲಿ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಎರಡನೆಯದು: ಇದರಿಂದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಜಾಸ್ತಿ ಆಯ್ತಾ? ಆ ಅಂಕಿಯಿಂದ ನಾನು ಏನನ್ನೂ ಸಾಬೀತು ಮಾಡೋಕೆ ಹೋಗುವುದಿಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದಲ್ಲಿ ನೇರ ನಿಗಾ ಬಂತು, ಆ ವರ್ಷ ಗ್ರೇಸ್ ಅಂಕ ಜಾಸ್ತಿ ಕೊಟ್ಟರು, ವರ್ಷಕ್ಕೆ ಮೂರು ಪರೀಕ್ಷೆಯೂ ಆಯಿತು. ಇಷ್ಟೆಲ್ಲಾ ಅಲುಗಾಡುವಾಗ ನಮ್ಮ ಶನಿವಾರದ ಅರ್ಧ ಗಂಟೆಯ ಪಾಲು ಎಷ್ಟು ಅಂತ ಯಾರು ಹೇಳೋಕೆ ಆಗುತ್ತದೆ? ನಾನು ಬೇರೆ ಲೆಕ್ಕ ಇಡುತ್ತೇನೆ. ಎಂಟನೇಯ ಜೂನಿನಲ್ಲಿ ದಾಖಲಾದ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟು, ಅದೇ ಹಾಳೆಯನ್ನು ಮೂರನೇ ವರ್ಷದ ಮಾರ್ಚಿನಲ್ಲಿ ತೆಗೆದು ಒಬ್ಬೊಬ್ಬರ ಮುಂದೆ ಎಲ್ಲಿದ್ದಾರೆ ಅಂತ ಬರೆಯುವುದು. ಪರೀಕ್ಷೆಗೆ ಕೂತವರು, ಟಿ.ಸಿ. ತೆಗೆದುಕೊಂಡು ಬೇರೆ ಶಾಲೆಗೆ ಹೋದವರು, ಟಿ.ಸಿ.ಯನ್ನೂ ತೆಗೆದುಕೊಳ್ಳದೆ ಹೋದವರು. ಫಲಿತಾಂಶದ ಶೇಕಡಾ ಲೆಕ್ಕ ಮೊದಲನೇ ಗುಂಪಿನದು ಮಾತ್ರ. ಮೂರನೇ ಗುಂಪಿನ ಹೆಸರು ಯಾರ ಶೇಕಡಾದಲ್ಲೂ ಬರುವುದಿಲ್ಲ. ಅವರಲ್ಲಿ ಹೆಚ್ಚಿನವರು ಬೆಂಗಳೂರಿಗೆ ಗುಳೆ ಹೋದ ಮನೆಯವರು. ಅಪ್ಪ-ಅಮ್ಮ ಯಾವ ಬಡಾವಣೆಯಲ್ಲಿ ಕೆಲಸ ಮಾಡುತ್ತಿದ್ದಾರೆ ಅಂತ ಗೊತ್ತಾದರೆ ಅಲ್ಲಿನ ಸರ್ಕಾರಿ ಹೈಸ್ಕೂಲಿನ ಹೆಡ್‌ಮಾಸ್ಟರ್ ನಂಬರ್ ಹುಡುಕಿ, ಸ್ಯಾಟ್ಸ್ ನಂಬರ್ ವಾಟ್ಸಾಪ್ ಮಾಡಿ, ಟಿ.ಸಿ. ಪೋಸ್ಟಿನಲ್ಲಿ ಕಳಿಸುತ್ತೇವೆ ಅನ್ನುತ್ತೇವೆ. ಕೆಲವರು ಸೇರಿಸಿಕೊಂಡಿದ್ದಾರೆ. ಕೆಲವರು ನಮ್ಮ ಫೋನನ್ನೇ ಎತ್ತಿಲ್ಲ. ಎತ್ತದಿದ್ದರೆ ಸೋಮವಾರ ಮತ್ತೆ ಮಾಡುತ್ತೇವೆ.